ಗುಜರಿಗೆ ಹಾಕೋ ಮುಂಚೆ

ಈ ಸೆಮ್ ಮುಗಿಯೋದರೊಳಗೆ ಹಳೇ ಕಂಪ್ಯೂಟರ್ ಲ್ಯಾಬಿನ ಮಷೀನ್‌ಗಳೆಲ್ಲ ಇ-ವೇಸ್ಟ್‌ಗೆ ಹೋಗ್ತವೆ ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ. ಯಾರೂ ಅಳೋದಿಲ್ಲ ಬಿಡಿ. ಆನ್ ಮಾಡಿ, ಕ್ಯಾಂಟೀನಿಗೆ ಹೋಗಿ ಟೀ ಕುಡಿದು ಬಂದರೂ ಡೆಸ್ಕ್‌ಟಾಪ್ ಬಂದಿರದ ಮಷೀನ್‌ಗಳು ಅವು. ಆದರೂ ಅವುಗಳಲ್ಲಿ ಎರಡನ್ನು ಕನ್ನಡ ಸಂಘಕ್ಕೆ ಬಿಟ್ಟುಕೊಡಬೇಕು ಅನ್ನೋದು ನಮ್ಮ ವಾದ. ಆ ಎರಡರ ಹಿಂದುಗಡೆ ಫೈರ್‌ವೈರ್ ಅನ್ನೋ ಪೋರ್ಟ್ ಇದೆ. ನಮ್ಮಲ್ಲಿ ಮುಕ್ಕಾಲುಪಾಲು ಜನ ಅದಕ್ಕೆ ಯಾವತ್ತೂ ಏನನ್ನೂ ಚುಚ್ಚಿರಲಿಕ್ಕಿಲ್ಲ. ಆದರೆ ಸಂಘದ ರೂಮಿನ ಕಬ್ಬಿಣದ ಬೀರುವಿನಲ್ಲಿ 41 ಮಿನಿ-ಡಿವಿ ಕ್ಯಾಸೆಟ್‌ಗಳಿವೆ. ರಾಜ್ಯೋತ್ಸವಗಳು, ನಾಟಕಗಳು, ಯಾರೋ ಬಂದು ಮಾಡಿದ ಭಾಷಣಗಳು. ಅವುಗಳಲ್ಲಿರೋದು ಹೊರಗೆ ಬರೋಕೆ ಸರಿಯಾದ ಬಾಗಿಲು ಇರೋದು ಅದೊಂದೇ.

ಮಿನಿ-ಡಿವಿ ಅಂದರೆ ಏನು ಅಂತ ಕೇಳೋರಿಗೆ: ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಕ್ಯಾಸೆಟ್, ಒಳಗೆ 6.35 ಮಿಲಿಮೀಟರ್ ಅಗಲದ ಟೇಪು. ಡಿವಿ ಅನ್ನೋ ಫಾರ್ಮ್ಯಾಟ್ ಮಾರುಕಟ್ಟೆಗೆ ಬಂದಿದ್ದು 1995ರಲ್ಲಿ. ನಮ್ಮ ಬ್ಯಾಚಿನೋರು ಹೆಚ್ಚುಕಮ್ಮಿ 2006ರ ಆಚೀಚೆ ಹುಟ್ಟಿದವರು. ಆ ಹೊತ್ತಿಗೆ ವಿಎಚ್‌ಎಸ್ ಹೋಗ್ತಾ ಇತ್ತು, ಫೋನಿನ ವಿಡಿಯೊ ಅಂಚೆಚೀಟಿಯಷ್ಟಿತ್ತು. ನಡುವಿನ ಆ ಕೆಲವು ವರ್ಷಗಳ ನಾಮಕರಣ, ಮದುವೆ, ಗೃಹಪ್ರವೇಶ, ಕಾಲೇಜ್ ಡೇ ಬಹಳಷ್ಟು ಹೋಗಿ ಕೂತಿರೋದು ಈ ಟೇಪಿನಲ್ಲಿ. ಆಮೇಲೆ ಮೆಮೊರಿ ಕಾರ್ಡ್ ಬಂತು, ಕ್ಯಾಮೆರಾ ಬೀರು ಸೇರಿತು, ಕ್ಯಾಸೆಟ್ಟು ಅಟ್ಟ ಸೇರಿತು. ನಾವು ತೊಟ್ಟಿಲಲ್ಲಿ ಮಲಗಿರೋದನ್ನ ನಾವೇ ನೋಡಿಲ್ಲ, ಅಂಥ ಸ್ಥಿತಿಯಲ್ಲಿ ಈ ಕ್ಯಾಂಪಸ್ಸಿನಲ್ಲಿ ಎಷ್ಟು ಜನ ಇದ್ದಾರೋ.

"ಮದುವೆ ಡಿವಿಡಿ ಇದೆಯಲ್ಲ, ಟೇಪು ಯಾಕೆ?" ಅಂತ ಮನೆಯಲ್ಲಿ ಕೇಳ್ತಾರೆ. ಆ ಡಿವಿಡಿಯನ್ನು ಒಂದು ಸಲ ಹಾಕಿ ನೋಡಿ. ಹಾರ್ಟ್ ಶೇಪಿನಲ್ಲಿ ಅಪ್ಪನ ಮುಖ, ಗುಲಾಬಿ ಹೂವಿನೊಳಗೆ ಅಮ್ಮನ ಮುಖ. ಧಾರೆ ಎರೆಯುವಾಗ ಒಂದು ಸಿನಿಮಾ ಹಾಡು, ಆರತಕ್ಷತೆಗೆ ಇನ್ನೊಂದು ಸಿನಿಮಾ ಹಾಡು. ಸ್ಟುಡಿಯೊದವರು ಎಡಿಟ್ ಮಾಡುವಾಗ ಮಂಟಪದ ನಿಜವಾದ ಸದ್ದನ್ನ ಮ್ಯೂಟ್ ಮಾಡಿ, ಮೇಲೆ ಹಾಡು ಕೂರಿಸೋದು ಆಗಿನ ಫ್ಯಾಷನ್. ಅದು ತಪ್ಪು ಅಂತ ಆಗ ಯಾರಿಗೂ ಅನಿಸಲಿಲ್ಲ, ಚೆನ್ನಾಗೇ ಇದೆ ಅಂದುಕೊಂಡರು. ಆದರೆ ಹಾಗೆ ಮ್ಯೂಟ್ ಆಗಿದ್ದು ಏನು? ಹಸೆಗೆ ಕರೆಯುವಾಗ ಅಜ್ಜಿಯರು ಹೇಳಿದ ಹಾಡು. ಬೀಗರನ್ನ ಆಡಿಕೊಂಡು ಹೇಳೋ ಹಾಡು. ಉತ್ತರ ಕರ್ನಾಟಕದ ಕಡೆಯ ಮದುವೆಯಾದರೆ ಹುಡುಗಿ ನಾಚಿಕೊಂಡು ಒಡಪು ಕಟ್ಟಿ ಗಂಡನ ಹೆಸರು ಹೇಳಿದ್ದು, ಸುತ್ತ ಇದ್ದವರು "ಇನ್ನೊಮ್ಮೆ, ಜೋರಾಗಿ" ಅಂತ ಕಾಡಿದ್ದು. ಇದೆಲ್ಲ ಡಿವಿಡಿಯಲ್ಲಿ ಇಲ್ಲ. ಸ್ಟುಡಿಯೊದವರು ಟೇಪನ್ನ ಅಳಿಸಿ ಮತ್ತೆ ಬಳಸದೆ ಮನೆಗೆ ವಾಪಸ್ ಕೊಟ್ಟಿದ್ದರೆ, ಅದರಲ್ಲಿ ಇದೆ.

ಇರೋದು ಸುಮ್ಮನೆ ಇರೋದಲ್ಲ, ಚೆನ್ನಾಗಿ ಇದೆ. ಡಿವಿಯಲ್ಲಿ 16 ಬಿಟ್ ಮೋಡಿನಲ್ಲಿ ರೆಕಾರ್ಡ್ ಮಾಡಿದ್ದರೆ ಆಡಿಯೊ 48 ಕಿಲೊಹರ್ಟ್ಸ್, ಸ್ವಲ್ಪವೂ ಕಂಪ್ರೆಸ್ ಮಾಡಿಲ್ಲ. ಸಿಡಿಯದ್ದು 44.1. ಅಂದರೆ ಅಜ್ಜಿಯ ಹಾಡು, ಹಿಂದೆ ಪಾತ್ರೆ ಬಿದ್ದ ಸದ್ದಿನ ಸಮೇತ, ಸಿಡಿ ಗುಣಮಟ್ಟದಲ್ಲಿ ಅಟ್ಟದ ಮೇಲೆ ಕೂತಿದೆ. ನಮ್ಮಲ್ಲಿ ಎಷ್ಟೋ ಜನ ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಹತ್ತನೇ ಕ್ಲಾಸಿನ ಕನ್ನಡದಲ್ಲಿ ಮಾರ್ಕ್ಸ್ ಬಂದಿದೆ, ಸೋಬಾನೆ ಪದ ಒಂದೂ ಬರಲ್ಲ. ಹಾಡುತ್ತಿದ್ದವರಲ್ಲಿ ಬಹಳ ಜನ ಈಗ ಇಲ್ಲ. ಯಾರಾದರೂ ಹಾಡಿದ್ದನ್ನ ಬರೆದಿಟ್ಟುಕೊಂಡಿದ್ದರೆ ಪದ ಸಿಗುತ್ತೆ, ಧಾಟಿ ಸಿಗಲ್ಲ. ಧಾಟಿ ಇರೋದು ಆ ಟೇಪಿನಲ್ಲಿ.

ಹಾಗಾದರೆ ಊರಿನ ಸ್ಟುಡಿಯೊಗೆ ಕೊಟ್ಟು ಕನ್ವರ್ಟ್ ಮಾಡಿಸಿದರೆ ಆಯ್ತಲ್ಲ? ನಮ್ಮ ತಕರಾರು ಇರೋದೇ ಇಲ್ಲಿ. ಹೆಚ್ಚಿನ ಕಡೆ ಮಾಡೋದು ಇಷ್ಟು: ಕ್ಯಾಮೆರಾದಿಂದ ಹಳದಿ-ಕೆಂಪು-ಬಿಳಿ ವೈರ್ ಎಳೆದು, ಒಂದು ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗೆ ಸಿಕ್ಕಿಸಿ, ಪ್ಲೇ ಒತ್ತೋದು. ವಿಎಚ್‌ಎಸ್‌ಗೆ ಆ ದಾರಿ ಸರಿ, ಯಾಕಂದರೆ ವಿಎಚ್‌ಎಸ್ ಅನಲಾಗ್. ಮಿನಿ-ಡಿವಿ ಟೇಪಿನ ಮೇಲೆ ಇರೋದು ಸೊನ್ನೆ ಮತ್ತು ಒಂದು. ಅದನ್ನ ಕ್ಯಾಮೆರಾ ಅನಲಾಗ್ ಸಿಗ್ನಲ್ ಮಾಡುತ್ತೆ, ಆ ಕಡ್ಡಿ ಮತ್ತೆ ಡಿಜಿಟಲ್ ಮಾಡುತ್ತೆ, ಸಾಫ್ಟ್‌ವೇರ್ ಅದನ್ನ ಎಂಪಿ4ಗೆ ಹಿಂಡುತ್ತೆ. ಫ್ರೆಂಡ್ ಹತ್ತಿರ ಇರೋ ನೋಟ್ಸ್ ಪಿಡಿಎಫ್ ಕಳಿಸು ಅಂದರೆ, ಲ್ಯಾಪ್‌ಟಾಪ್ ಸ್ಕ್ರೀನಿನ ಫೋಟೊ ತೆಗೆದು ವಾಟ್ಸ್ಆ್ಯಪ್ ಮಾಡ್ತಾನಲ್ಲ, ಅದೇ ಕಥೆ. ಓದೋಕೆ ಬರುತ್ತೆ. ಆದರೆ ಅದು ಪಿಡಿಎಫ್ ಅಲ್ಲ.

ಹೋಗೋದು ಬರೀ ಶಾರ್ಪ್‌ನೆಸ್ ಅಲ್ಲ. ಡಿವಿಯಲ್ಲಿ ಪ್ರತಿ ಫ್ರೇಮಿನ ಜೊತೆ ಟೈಮ್‌ಕೋಡ್ ಇರುತ್ತೆ, ರೆಕಾರ್ಡ್ ಮಾಡಿದ ದಿನಾಂಕ, ಗಂಟೆ, ನಿಮಿಷ ಇರುತ್ತೆ. ಸಂಘದ ಕ್ಯಾಸೆಟ್‌ಗಳ ಮೇಲೆ "ರಾಜ್ಯೋತ್ಸವ" ಅಂತ ಇದೆ, "ರಾಜ್ಯೋತ್ಸವ 2" ಅಂತ ಇದೆ, ಒಂದರ ಮೇಲೆ "ಅಳಿಸಬೇಡಿ" ಅಂತ ಮಾತ್ರ ಇದೆ. ಯಾವ ವರ್ಷದ್ದು ಅಂತ ಹೇಳೋಕೆ ಆ ಸೀನಿಯರ್‌ಗಳು ಎಲ್ಲಿದ್ದಾರೋ ಗೊತ್ತಿಲ್ಲ. ಟೇಪಿಗೆ ಗೊತ್ತಿದೆ. (ಕ್ಯಾಮೆರಾದ ಗಡಿಯಾರ ಸೆಟ್ ಮಾಡಿದ್ದರೆ ಮಾತ್ರ ಅನ್ನಿ. ಕೆಲವು ಮನೆಗಳಲ್ಲಿ ಎಲ್ಲ ಹಬ್ಬಗಳೂ ಜನವರಿ ಒಂದರಂದೇ ನಡೆದಿರುತ್ತವೆ.) ಹಳದಿ ವೈರಿನಲ್ಲಿ ಈ ಮಾಹಿತಿ ಬರೋದಿಲ್ಲ.

ಫೈರ್‌ವೈರ್‌ನಲ್ಲಿ ಬರುತ್ತೆ. ಐಇಇಇ 1394 ಅಂತ 1995ರಲ್ಲಿ ಸ್ಟ್ಯಾಂಡರ್ಡ್ ಆಯ್ತು. ಆ್ಯಪಲ್ ಇಟ್ಟ ಹೆಸರು ಫೈರ್‌ವೈರ್, ಸೋನಿ ಇಟ್ಟ ಹೆಸರು ಐ-ಲಿಂಕ್. ಹ್ಯಾಂಡಿಕ್ಯಾಮಿನ ಪಕ್ಕದ ಮುಚ್ಚಳ ತೆಗೆದರೆ 'ಡಿವಿ' ಅಂತ ಬರೆದ ನಾಲ್ಕು ಪಿನ್ನಿನ ಪುಟ್ಟ ಕಿಂಡಿ ಅದೇ. ಅದರ ಮೂಲಕ ಬರೋದು ಟೇಪಿನ ಮೇಲಿರೋ ಡೇಟಾ, ಹಾಗೇ. ಇದು ರೆಕಾರ್ಡಿಂಗ್ ಅಲ್ಲ, ಕಾಪಿ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಒಂದು ಫ್ರೇಮ್ ಅಂದರೆ ಸರಿಯಾಗಿ 1,44,000 ಬೈಟ್. ಸೆಕೆಂಡಿಗೆ 25 ಫ್ರೇಮ್, ಅಂದರೆ 36 ಲಕ್ಷ ಬೈಟ್. ಗಂಟೆಗೆ 1,296 ಕೋಟಿ ಬೈಟ್, ಸುಮಾರು 13 ಜಿಬಿ. ನಮ್ಮ 41 ಟೇಪೂ ತುಂಬ ತುಂಬಿದ್ದರೂ 550 ಜಿಬಿ ದಾಟಲ್ಲ. ಹಾಸ್ಟೆಲಿನಲ್ಲಿ ವೆಬ್ ಸೀರೀಸ್‌ಗೆ ಇಟ್ಟುಕೊಂಡಿರೋ ಒಂದು ಟಿಬಿ ಹಾರ್ಡ್ ಡಿಸ್ಕಿನಲ್ಲಿ ಇಪ್ಪತ್ತು ವರ್ಷದ ಹಿಂದಿನ ಇಡೀ ಕನ್ನಡ ಸಂಘ ಹಿಡಿಸುತ್ತೆ.

ಇಲ್ಲಿಗೆ ಬಂದಾಗ ಯಾರೋ ಒಬ್ಬರು ಆನ್‌ಲೈನ್‌ನಲ್ಲಿ ಒಂದು ಕಡೆ ಫೈರ್‌ವೈರ್ ಪಿನ್, ಇನ್ನೊಂದು ಕಡೆ ಯುಎಸ್‌ಬಿ ಪಿನ್ ಇರೋ ಕೇಬಲ್ ತೋರಿಸ್ತಾರೆ. ದಯವಿಟ್ಟು ದುಡ್ಡು ಹಾಕಬೇಡಿ. ಅದರೊಳಗೆ ಚಿಪ್ ಇಲ್ಲ, ಬರೀ ತಂತಿ. ಯುಎಸ್‌ಬಿಯಲ್ಲಿ ಕಂಪ್ಯೂಟರ್ ಕೇಳಿದರೆ ಮಾತ್ರ ಡಿವೈಸ್ ಉತ್ತರ ಕೊಡುತ್ತೆ. ಫೈರ್‌ವೈರ್‌ನಲ್ಲಿ ಕ್ಯಾಮೆರಾ ತಾನೇ ಗಡಿಯಾರದ ಹಾಗೆ ಸೆಕೆಂಡಿಗೆ ಇಷ್ಟು ಪ್ಯಾಕೆಟ್ ಅಂತ ಬಿಡ್ತಾ ಹೋಗುತ್ತೆ. ಎರಡೂ ಬೇರೆ ಭಾಷೆ. ಪ್ಲಗ್ಗಿನ ಆಕಾರ ಬದಲಾಯಿಸಿದರೆ ಭಾಷೆ ಬದಲಾಗಲ್ಲ. ಹಾಗೇ ಕ್ಯಾಮೆರಾದಲ್ಲೇ ಒಂದು ಯುಎಸ್‌ಬಿ ಕಿಂಡಿ ಇದ್ದರೂ ಕುಣಿಯಬೇಡಿ, ಹೆಚ್ಚಿನ ಮಾಡೆಲ್‌ಗಳಲ್ಲಿ ಅದು ಸ್ಟಿಲ್ ಫೋಟೊಗೆ ಅಥವಾ ಕೆಟ್ಟ ವೆಬ್‌ಕ್ಯಾಮ್ ಚಿತ್ರಕ್ಕೆ ಮಾತ್ರ.

ಸರಿ, ಇನ್ನೊಂದೆರಡು ವರ್ಷ ಬಿಟ್ಟು ಮಾಡೋಣ, ಟೇಪು ಎಲ್ಲಿಗೆ ಹೋಗುತ್ತೆ ಅಂತಾರೆ. ಟೇಪು ಹೋಗಲ್ಲ, ಒಪ್ತೀವಿ. ಒಣಗಿದ ಜಾಗದಲ್ಲಿ ಇಟ್ಟ ಎಷ್ಟೋ ಟೇಪುಗಳು ಇಂದಿಗೂ ಓಡ್ತವೆ (ಕರಾವಳಿ, ಮಲೆನಾಡಿನವರು ಮಾತ್ರ ಮುಂಚೆ ಬೂಷ್ಟು ನೋಡಿಕೊಳ್ಳಿ). ಹೋಗ್ತಿರೋದು ಓದೋ ಮಷೀನು. ಮ್ಯಾಕ್ ಇರೋರು ಇಷ್ಟು ದಿನ ಒಂದಕ್ಕೊಂದು ಅಡಾಪ್ಟರ್ ಪೋಣಿಸಿ ಹೇಗೋ ಫೈರ್‌ವೈರ್ ಸಿಕ್ಕಿಸ್ತಾ ಇದ್ದರು. 2025ರಲ್ಲಿ ಬಂದ ಮ್ಯಾಕ್‌ಓಎಸ್ 26ರಲ್ಲಿ ಆ್ಯಪಲ್ ಫೈರ್‌ವೈರ್ ಬೆಂಬಲವನ್ನೇ ತೆಗೆದುಹಾಕಿತು. ಆ ಪೋರ್ಟಿಗೆ ಹೆಸರಿಟ್ಟ ಕಂಪನಿಯೇ. ಲಿನಕ್ಸ್ ಕರ್ನಲ್‌ನಲ್ಲಿ ಆ ಭಾಗವನ್ನ ಈಗ ತಕಾಶಿ ಸಕಾಮೊಟೊ ಅನ್ನೋರು ನೋಡಿಕೊಳ್ತಿದ್ದಾರೆ, ಅವರ ಯೋಜನೆ ಇರೋದು 2029ರವರೆಗೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಫಿಲ್ಮ್ ಮತ್ತು ಸೌಂಡ್ ಆರ್ಕೈವ್ 2015ರಲ್ಲೇ 'ಡೆಡ್‌ಲೈನ್ 2025' ಅಂತ ಒಂದು ಎಚ್ಚರಿಕೆ ಪ್ರಕಟಿಸಿತ್ತು: 2025ರೊಳಗೆ ಡಿಜಿಟಲ್‌ಗೆ ಇಳಿಸದ ಮ್ಯಾಗ್ನೆಟಿಕ್ ಟೇಪುಗಳಲ್ಲಿ ಹೆಚ್ಚಿನವು ಕೈಬಿಟ್ಟ ಹಾಗೇ ಅಂತ. ಅವರ ಚಿಂತೆಯಲ್ಲಿ ಟೇಪಿನಷ್ಟೇ ಪ್ಲೇಯರ್, ಬಿಡಿಭಾಗ ಮತ್ತು ರಿಪೇರಿ ಗೊತ್ತಿರೋ ಜನವೂ ಇದ್ದರು. ಆ ಗಡುವು ದಾಟಿ ಆಯ್ತು. ಬಾಗಿಲು ಪೂರ್ತಿ ಮುಚ್ಚಿಲ್ಲ, ಆದರೆ ನಮ್ಮ ಕ್ಯಾಂಪಸ್ಸಿನಲ್ಲಿ ತೆರೆದಿರೋ ಎರಡು ಬಾಗಿಲು ಈ ಸೆಮ್ ಕೊನೆಗೆ ಲಾರಿ ಹತ್ತುತ್ತವೆ.

ಇದು ಇಂಜಿನಿಯರಿಂಗ್ ಹುಡುಗ ಹುಡುಗಿಯರೇ ಮಾಡಬೇಕಾದ ಕೆಲಸ ಅಂತ ನಮಗೆ ಯಾಕೆ ಅನಿಸುತ್ತೆ ಅಂದರೆ, ಇದರಲ್ಲಿ ನಿಜವಾಗಿಯೂ ಇಂಜಿನಿಯರಿಂಗ್ ಇದೆ. ಕ್ಯಾಸೆಟ್ ಒಳಗೆ ಹೋದಾಗ ಟೇಪು ಓರೆಯಾಗಿ ಒಂದು ಡ್ರಮ್ಮಿಗೆ ಸುತ್ತಿಕೊಳ್ಳುತ್ತೆ. ಆ ಡ್ರಮ್ ನಿಮಿಷಕ್ಕೆ 9,000 ಸುತ್ತು ತಿರುಗುತ್ತೆ. ಪಾಲ್‌ನ ಒಂದು ಫ್ರೇಮ್ ಹನ್ನೆರಡು ಓರೆ ಗೆರೆಗಳಾಗಿ ಟೇಪಿನ ಮೇಲೆ ಕೂತಿರುತ್ತೆ, ಒಂದೊಂದು ಗೆರೆ 10 ಮೈಕ್ರಾನ್ ಅಗಲ, ತಲೆಗೂದಲಿನ ಒಂದು ಸಣ್ಣ ಪಾಲು. ಎಲ್‌ಪಿ ಮೋಡಿನಲ್ಲಿ ಅದು 7 ಮೈಕ್ರಾನಿಗಿಂತ ಕಮ್ಮಿ. ಅದಕ್ಕೇ 60 ನಿಮಿಷದ ಟೇಪಿನಲ್ಲಿ 90 ನಿಮಿಷ ಹಿಡಿಸ್ತಾ ಇದ್ದರು, ಮತ್ತು ಅದಕ್ಕೇ ಎಲ್‌ಪಿಯಲ್ಲಿ ತೆಗೆದ ಟೇಪು ಬೇರೆ ಕ್ಯಾಮೆರಾದಲ್ಲಿ ಹಾಕಿದರೆ ಚೌಕ ಚೌಕ ಒಡೆಯುತ್ತೆ. ತೆಗೆದ ಕ್ಯಾಮೆರಾ ಇನ್ನೂ ಮನೆಯಲ್ಲಿದ್ದರೆ ಅದನ್ನೇ ತನ್ನಿ ಅಂತ ನಾವು ಬಡಕೊಳ್ಳೋದು ಇದೇ ಕಾರಣಕ್ಕೆ.

ಇನ್ನು ಎರರ್ ವಿಷಯ. ಸೀನಿಯರ್ಸ್ ಎಕ್ಸಾಮಿಗೆ ಬಾಯಿಪಾಠ ಮಾಡೋ ರೀಡ್-ಸೊಲೊಮನ್ ಕೋಡ್ ಪ್ರತಿ ಗೆರೆಯಲ್ಲೂ ಇದೆ. ಧೂಳು ಕೂತು ಸ್ವಲ್ಪ ಬಿಟ್ ಹೋದರೆ ಕ್ಯಾಮೆರಾ ಲೆಕ್ಕ ಹಾಕಿ ತುಂಬಿಕೊಳ್ಳುತ್ತೆ, ನಮಗೆ ಗೊತ್ತೂ ಆಗಲ್ಲ. ಜಾಸ್ತಿ ಹೋದರೆ ಸುಳ್ಳು ಹೇಳುತ್ತೆ: ಹಿಂದಿನ ಫ್ರೇಮಿನ ಅದೇ ಜಾಗದ ಚೌಕವನ್ನ ತಂದು ಅಂಟಿಸುತ್ತೆ. ನೋಡೋರಿಗೆ ಅರ್ಧ ಸೆಕೆಂಡ್ ಅಜ್ಜನ ಕಿವಿ ಹಳೇ ಜಾಗದಲ್ಲೇ ನಿಂತ ಹಾಗೆ ಕಾಣುತ್ತೆ. ಖುಷಿಯ ವಿಷಯ ಏನಂದರೆ, ಹೀಗೆ ಅಂಟಿಸಿದ್ದೇನೆ ಅಂತ ಕ್ಯಾಮೆರಾ ಡೇಟಾದಲ್ಲೇ ಒಂದು ಗುರುತು ಬಿಡುತ್ತೆ, ಫೈರ್‌ವೈರ್‌ನಲ್ಲಿ ಆ ಗುರುತೂ ಬರುತ್ತೆ. ಡಿವಿರೆಸ್ಕ್ಯೂ ಅನ್ನೋ ಓಪನ್ ಸೋರ್ಸ್ ಟೂಲ್ ಆ ಗುರುತುಗಳನ್ನ ಓದುತ್ತೆ. ಒಂದೇ ಟೇಪನ್ನ ಮೂರು ಸಲ ಓಡಿಸಿದರೆ ತಪ್ಪುಗಳು ಸಾಮಾನ್ಯವಾಗಿ ಮೂರೂ ಸಲ ಒಂದೇ ಜಾಗದಲ್ಲಿ ಬೀಳಲ್ಲ. ಮೂರರಿಂದಲೂ ಸರಿ ಇರೋ ಭಾಗ ಆರಿಸಿ ಒಂದು ಫೈಲ್ ಮಾಡುತ್ತೆ. ಟೆಕ್ ಫೆಸ್ಟಿಗೆ ಮತ್ತೊಂದು ಲೈನ್ ಫಾಲೋವರ್ ರೋಬೊ ಮಾಡೋದಕ್ಕಿಂತ ಇದು ಎಷ್ಟೋ ಪಾಲು ಮೇಲು, ಹೇಳಿದ್ದಕ್ಕೆ ರೊಬೊಟಿಕ್ಸ್ ಕ್ಲಬ್‌ನೋರು ಬೇಜಾರು ಮಾಡ್ಕೋಬೇಡಿ.

ಕಷ್ಟ ಇರೋದು ಹಣದಲ್ಲಿ ಅಲ್ಲ, ಸಮಯದಲ್ಲಿ. ಒಂದು ಗಂಟೆಯ ಟೇಪು ಇಳಿಸೋಕೆ ಒಂದು ಗಂಟೆಯೇ ಬೇಕು, ಯಾವ ಪ್ರೊಸೆಸರ್ ಹಾಕಿದರೂ. ಇಳಿಸುವಾಗ ಒಂದು ಪ್ಯಾಕೆಟ್ ತಪ್ಪಿದರೆ ಮತ್ತೆ ಕಳಿಸು ಅಂತ ಕೇಳೋ ವ್ಯವಸ್ಥೆ ಇಲ್ಲ, ಅಲ್ಲಿ ಒಂದು ತುಣುಕು ಹೋಯ್ತು. ಹಾಗಾಗಿ ಮಷೀನ್ ಪಕ್ಕ ಒಬ್ಬರು ಕೂತಿರಬೇಕು, ಆ ಹೊತ್ತಿನಲ್ಲಿ ಅದೇ ಕಂಪ್ಯೂಟರಿನಲ್ಲಿ ಗೇಮ್ ಆಡಬಾರದು. ಅಂಗಡಿಯವರು ಅಷ್ಟು ಹೊತ್ತು ಕೂರೋದಿಲ್ಲ ಅಂತ ನಾವು ಅವರನ್ನ ಬೈಯ್ಯೋದಿಲ್ಲ, ಅವರು ಹೊಟ್ಟೆಪಾಡು ನೋಡ್ಕೋಬೇಕು. ನಮಗೆ ಶನಿವಾರ ಮಧ್ಯಾಹ್ನ ಇದೆ.

ಇನ್ನೊಂದು ಜಗಳ ನಮ್ಮ ನಮ್ಮಲ್ಲೇ ಇದೆ, ಅದನ್ನೂ ಹೇಳಿಬಿಡ್ತೀವಿ. ಸಂಘದಲ್ಲೇ ಅರ್ಧ ಜನರ ಆಸೆ ಅಂದರೆ ಇಳಿಸಿದ ಕೂಡಲೇ ಎಐ ಹಾಕಿ 4ಕೆ ಮಾಡಿ ರೀಲ್ ಬಿಡೋದು. ಡಿವಿ ಚಿತ್ರ 720 ಬೈ 576, ಫೋನಿನಲ್ಲಿ ನೋಡಿದರೆ ಮಂಕು, ಒಪ್ಪಿದೆವು. ಆದರೆ ಅಪ್‌ಸ್ಕೇಲ್ ಮಾಡೋ ಮಾಡೆಲ್ ಅಜ್ಜಿಯ ಮುಖದಲ್ಲಿ ಇಲ್ಲದ ವಿವರವನ್ನ ಊಹಿಸಿ ಬರೆಯುತ್ತೆ. ಚರ್ಮ ನುಣ್ಣಗಾಗುತ್ತೆ, ಹಲ್ಲು ಸಾಲಾಗಿ ನಿಲ್ಲುತ್ತೆ, ಮೂಗುಬೊಟ್ಟು ಒಂದು ಬಿಳಿ ಚುಕ್ಕೆಯಾಗಿ ಕೆನ್ನೆಗೆ ಕರಗುತ್ತೆ. ನೋಡಿದ ಅಮ್ಮ "ಚೆನ್ನಾಗಿದೆ ಕಣೋ, ಆದರೆ ಯಾರಿದು?" ಅಂದರೆ ಏನು ಹೇಳ್ತೀರಿ? ರೀಲ್ ಮಾಡಿಕೊಳ್ಳಿ, ಬೇಡ ಅನ್ನಲ್ಲ. ಮೂಲ ಡಿವಿ ಫೈಲ್ ಮುಟ್ಟದೆ ಎರಡು ಬೇರೆ ಬೇರೆ ಡಿಸ್ಕಿನಲ್ಲಿ, ಎರಡು ಬೇರೆ ಬೇರೆ ಕೋಣೆಯಲ್ಲಿ ಇಟ್ಟಾದ ಮೇಲೆ. ಯೂಟ್ಯೂಬಿಗೆ ಹಾಕಿದ್ದೀವಲ್ಲ, ಅದೇ ಬ್ಯಾಕಪ್ ಅನ್ನೋದೂ ನಡೆಯಲ್ಲ. ಅಲ್ಲಿಗೆ ಹೋದದ್ದೆಲ್ಲ ಮತ್ತೆ ಹಿಂಡಿಸಿಕೊಂಡೇ ಹೊರಗೆ ಬರೋದು.

ಯೂಟ್ಯೂಬ್ ಬೇಡ ಅನ್ನೋಕೆ ಇನ್ನೊಂದು ಕಾರಣವೂ ಇದೆ. ಆ ಟೇಪುಗಳಲ್ಲಿ ಡೊಳ್ಳು ಬಾರಿಸ್ತಿರೋ, ಡೈಲಾಗ್ ಮರೆತು ನಿಂತಿರೋ, ಸ್ಟೇಜ್ ಹಿಂದೆ ಅಳ್ತಾ ಇರೋ ಹತ್ತೊಂಬತ್ತು ವರ್ಷದವರಿಗೆ ಈಗ ನಲವತ್ತರ ಹತ್ತಿರ. ಅವರು ಆವತ್ತು ಕ್ಯಾಮೆರಾಕ್ಕೆ ಒಪ್ಪಿದ್ದರು, ಇಂಟರ್ನೆಟ್ಟಿಗೆ ಒಪ್ಪಿರಲಿಲ್ಲ. ಫೈಲುಗಳು ಲೈಬ್ರರಿಯಲ್ಲಿರಲಿ, ಬಂದು ಕೇಳಿದವರು ಅಲ್ಲೇ ಕೂತು ನೋಡಲಿ. ಹಳೇ ವಿದ್ಯಾರ್ಥಿಗಳ ಸಂಘದ ಮೂಲಕ ಅವರವರನ್ನ ಹುಡುಕಿ ಕೇಳಿ ಆಮೇಲೆ ಹೊರಗೆ ಬಿಡೋಣ. ಸಂಘದಲ್ಲಿ ಇದಕ್ಕೆ ಇನ್ನೂ ಒಮ್ಮತ ಇಲ್ಲ, ಆದರೆ ನಮ್ಮ ಮಾತು ಇದು.

ಕಾಲೇಜಿನಿಂದ ನಾವು ಕೇಳ್ತಿರೋದು ಸಣ್ಣದು. ಎರಡು ಮಷೀನು, ಸಂಘದ ರೂಮಿನಲ್ಲಿ ಒಂದು ಟೇಬಲ್, ಒಂದು ಸಹಿ. ಒಂದರಲ್ಲಿ ಲಿನಕ್ಸ್ ಹಾಕಿ ಡಿವಿಗ್ರ್ಯಾಬ್ ಅನ್ನೋ ಪ್ರೋಗ್ರಾಂ ಓಡಿಸ್ತೀವಿ, ಇನ್ನೊಂದು ಬಿಡಿಭಾಗಕ್ಕೆ. ಆ ಪೋರ್ಟೂ ಕೈಕೊಟ್ಟರೆ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಫೈರ್‌ವೈರ್ ಕಾರ್ಡ್ ಹುಡುಕೋದು ಇದ್ದೇ ಇದೆ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರೋದು ಸಿಕ್ಕರೆ ಒಳ್ಳೇದು. ಸ್ಟಾಕ್ ರಿಜಿಸ್ಟರಿನಿಂದ ತೆಗೆದ ಸಾಮಾನು ವಾಪಸ್ ಕೊಡೋಕೆ ಬರಲ್ಲ ಅಂತ ಆಫೀಸಿನಲ್ಲಿ ಹೇಳ್ತಾರಂತೆ. ಇನ್ನೂ ತೆಗೆದಿಲ್ಲವಲ್ಲ, ಅದಕ್ಕೇ ಈಗ ಬರೀತಿರೋದು.

ನಿಮ್ಮಿಂದ ಕೇಳೋದು ಬೇರೆ. ದಸರಾ ರಜೆಗೆ ಮನೆಗೆ ಹೋದಾಗ ಅಟ್ಟ ಹತ್ತಿ. ಕ್ಯಾಸೆಟ್ ಸಿಕ್ಕರೆ ಮೊದಲು ಅದರ ಬೆನ್ನಲ್ಲಿರೋ ಪುಟ್ಟ ಸ್ಲೈಡನ್ನ 'ಸೇವ್' ಕಡೆ ತಳ್ಳಿ, ಅಪ್ಪಿತಪ್ಪಿ ಮೇಲೆ ರೆಕಾರ್ಡ್ ಆಗೋದು ತಪ್ಪುತ್ತೆ. ಕ್ಯಾಮೆರಾ ಸಿಕ್ಕರೆ ಖುಷಿಗೆ ಮನೆಯಲ್ಲೇ ಆ ಟೇಪ್ ಹಾಕಿ ಟೆಸ್ಟ್ ಮಾಡಬೇಡಿ. ವರ್ಷಗಟ್ಟಲೆ ನಿಂತ ಕ್ಯಾಮೆರಾ ಟೇಪನ್ನ ಅಗಿದುಬಿಡಬಹುದು, ಮೊದಲು ಬೇಡದ ಒಂದು ಕ್ಯಾಸೆಟ್ ಹಾಕಿ ನೋಡೋಣ. ಸಂಘದಲ್ಲಿ ಈಗ ಓಡ್ತಿರೋದು ಒಂದು ಪಾಲ್ ಕ್ಯಾಮೆರಾ. ಅಮೆರಿಕದಿಂದ ಚಿಕ್ಕಪ್ಪನೋ ಮಾವನೋ ತಂದುಕೊಟ್ಟ ಕ್ಯಾಮೆರಾದಲ್ಲಿ ತೆಗೆದ ಟೇಪುಗಳು ಎನ್‌ಟಿಎಸ್‌ಸಿ, ಅವು ಇದರಲ್ಲಿ ಓಡೋದಿಲ್ಲ, ಅಂಥ ಮನೆಗಳು ನಮ್ಮಲ್ಲಿ ಕಮ್ಮಿ ಏನಿಲ್ಲ. ಹಾಗಾಗಿ ಒಂದು ಎನ್‌ಟಿಎಸ್‌ಸಿ ಕ್ಯಾಮೆರಾ ಬೇಕಾಗಿದೆ. ಇರೋರು ಚಾರ್ಜರ್ ಸಮೇತ ತನ್ನಿ. ಚಾರ್ಜರ್ ಮರೀಬೇಡಿ, ಕ್ಯಾಮೆರಾ ಸಿಕ್ಕರೂ ಅದರ ಪಿನ್ ಈಗ ಸುಲಭಕ್ಕೆ ಸಿಗಲ್ಲ.